ಹಿತ್ತಲಲ್ಲೂ ಹಳ್ಳಿ ದಾರಿಯಲ್ಲೂ ಹಕ್ಕಿಗಳ ಫೋಟೊ ತೆಗೆಯುವುದು ಹೇಗೆ?

ಹಕ್ಕಿ ಫೋಟೊ ತೆಗೆಯಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಲೆನ್ಸ್ ತಗೊಳ್ಳಲಿ?" ಅಂತ. ಆಮೇಲೆ "ಯಾವ ಕಾಡಿಗೆ ಹೋಗಲಿ?" ಅಂತ. ಹಳ್ಳಿಯಲ್ಲೋ ತೋಟದ ನಡುವೆಯೋ ಮನೆ ಇರುವವರು ಈ ಎರಡೂ ಪ್ರಶ್ನೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು. ಹಿತ್ತಲು, ಬೇಲಿ, ಕೆರೆ ಏರಿ, ಗದ್ದೆ ಬದು, ವಾಹನ ಅಷ್ಟಾಗಿ ಓಡಾಡದ ಒಂದು ದಾರಿ. ಇಷ್ಟಿದ್ದರೆ ಒಂದು ವರ್ಷಕ್ಕೆ ಆಗಿ ಮಿಗುವಷ್ಟು ಕೆಲಸ ಇದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಗುಬ್ಬಚ್ಚಿ ಕೊಕ್ಕಿನಿಂದ ಬಾಲದ ತುದಿವರೆಗೆ ಸುಮಾರು 15 ಸೆಂ.ಮೀ. ಉದ್ದ. ಅದು 10 ಮೀಟರ್ ದೂರದಲ್ಲಿ ಅಡ್ಡಲಾಗಿ ಕೂತಿದ್ದರೆ, 300 ಎಂ.ಎಂ. ಲೆನ್ಸಿನಲ್ಲಿ ಸೆನ್ಸರಿನ ಮೇಲೆ ಅದರ ಬಿಂಬ ಬರೀ 4.5 ಮಿ.ಮೀ. ಇದನ್ನು 9 ಮಿ.ಮೀ. ಮಾಡಲು ಎರಡು ದಾರಿ ಇದೆ. ಒಂದು, 600 ಎಂ.ಎಂ. ಲೆನ್ಸ್ ಕೊಳ್ಳುವುದು. ಇನ್ನೊಂದು, ಹಕ್ಕಿಗೂ ನಮಗೂ ನಡುವಿನ ದೂರವನ್ನು 5 ಮೀಟರಿಗೆ ಇಳಿಸುವುದು. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದಕ್ಕೆ ಪುರುಸೊತ್ತು ಬೇಕು. ನನ್ನ ಪ್ರಕಾರ ಎರಡನೆಯದರಲ್ಲೇ ಲಾಭ ಜಾಸ್ತಿ. ದೂರ ಕಡಿಮೆಯಾದಷ್ಟೂ ನಡುವಿನ ದೂಳು, ಬಿಸಿಗಾಳಿಯ ಕಾಟವೂ ಕಡಿಮೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳದ ನಡುವೆ ದೂರದ ಹಕ್ಕಿಯನ್ನು ಹಿಡಿದರೆ ಎಂಥ ಲೆನ್ಸಿನಲ್ಲೂ ಪುಕ್ಕಗಳು ಕಲಸಿಹೋಗುತ್ತವೆ.

ಹಾಗಂತ ಹಕ್ಕಿಯ ಹಿಂದೆ ಓಡಿದರೆ ದೂರ ಕಡಿಮೆಯಾಗುವುದಿಲ್ಲ. ಅದು ಎಲ್ಲಿಗೆ ಬರುತ್ತದೆ ಅಂತ ಮೊದಲೇ ತಿಳಿದು, ಅಲ್ಲಿ ಹೋಗಿ ಕೂರಬೇಕು. ಮುಂದೆ ಹೇಳಿರುವುದೆಲ್ಲ ಇದಕ್ಕೆ ಬೇಕಾದ ತಯಾರಿ.

ಸಲಕರಣೆ: ಇರುವುದೇ ಸಾಕು

70-300 ಎಂ.ಎಂ. ಲೆನ್ಸ್ ಇದ್ದರೆ ಇವತ್ತೇ ಶುರು ಮಾಡಬಹುದು. ಎಪಿಎಸ್-ಸಿ (ಚಿಕ್ಕ ಅಳತೆಯ) ಸೆನ್ಸರಿನ ಕ್ಯಾಮೆರಾದಲ್ಲಿ 300 ಎಂ.ಎಂ. ಹಾಕಿದರೆ ಫುಲ್ ಫ್ರೇಮಿನ (ದೊಡ್ಡ ಸೆನ್ಸರಿನ) 450 ಎಂ.ಎಂ.ನಲ್ಲಿ ಕಾಣುವಷ್ಟೇ ನೋಟ ಸಿಗುತ್ತದೆ. ಕ್ಯಾನನ್ ಆದರೆ 480. ಲೆನ್ಸ್ ಬದಲಿಸುವ ರಗಳೆ ಬೇಡ ಅನ್ನುವವರಿಗೆ ಬ್ರಿಡ್ಜ್ ಕ್ಯಾಮೆರಾಗಳಿವೆ. 2015ರಲ್ಲಿ ಬಂದ ನಿಕಾನ್ ಪಿ900ರಲ್ಲಿ 83 ಪಟ್ಟು ಜೂಮ್ ಇದೆ, ಅಂದರೆ 2000 ಎಂ.ಎಂ.ಗೆ ಸಮ. ಒಳ್ಳೆ ಬೆಳಕಿದ್ದರೆ, ಹಕ್ಕಿ ಸುಮ್ಮನೆ ಕೂತಿದ್ದರೆ ಚೆನ್ನಾಗಿಯೇ ಬರುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಮಬ್ಬು ಬೆಳಕಿನಲ್ಲಿ ಮತ್ತು ಹಾರುವ ಹಕ್ಕಿಯ ವಿಷಯದಲ್ಲಿ ಮಾತ್ರ ಸೋಲುತ್ತದೆ.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕಿ ಬಿಂಬ ದೊಡ್ಡದು ಮಾಡುವ ಟೆಲಿಕನ್ವರ್ಟರ್ ಬಗ್ಗೆ ಒಂದು ಮಾತು. 1.4 ಪಟ್ಟಿನದು ಒಂದು ಸ್ಟಾಪ್ (ಅಂದರೆ ಅರ್ಧದಷ್ಟು) ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್. ಎಫ್/6.3 ಜೂಮ್ ಲೆನ್ಸಿಗೆ 2 ಪಟ್ಟಿನದನ್ನು ಹಾಕಿದರೆ ಕೆಲವು ಕ್ಯಾಮೆರಾಗಳಲ್ಲಿ ಆಟೊಫೋಕಸ್ಸೇ ತಡವರಿಸುತ್ತದೆ. ಹೊಸಬರಿಗೆ ಬೇಡವೇ ಬೇಡ.

ಹೆಜ್ಜೆ 1: ಒಂದು ವಾರ ಬರೀ ನೋಡಿ

ಕ್ಯಾಮೆರಾ ಚೀಲದಲ್ಲೇ ಇರಲಿ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಗಂಟೆ, ಸಂಜೆ ಮುಳುಗುವ ಮುಂಚೆ ಒಂದು ಗಂಟೆ ಹಿತ್ತಲಲ್ಲಿ ಕೂತು ನೋಡಿ. ಒಂದು ಸಣ್ಣ ಪುಸ್ತಕ, ಪೆನ್ಸಿಲ್ ಸಾಕು. ಯಾವ ಹಕ್ಕಿ, ಎಷ್ಟು ಹೊತ್ತಿಗೆ, ಎಲ್ಲಿಂದ ಬಂದು ಎಲ್ಲಿ ಕೂತಿತು, ಏನು ಮಾಡಿತು ಅಂತ ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ "ಕಂದು ಬಣ್ಣ, ಬಾಲ ಮೇಲೆ ಎತ್ತುತ್ತೆ" ಅಂತ ಬರೆದರೂ ಆಯಿತು.

ನಾಲ್ಕೈದು ದಿನದಲ್ಲಿ ಒಂದು ವೇಳಾಪಟ್ಟಿ ಕಾಣತೊಡಗುತ್ತದೆ. ಮಡಿವಾಳ ಹಕ್ಕಿ ದಿನಾ ಅದೇ ಕೊಂಬೆಯ ಮೇಲೆ ಕೂತು ಹಾಡುತ್ತದೆ. ಹರಟೆಮಲ್ಲಗಳ ಗುಂಪು ಹೆಚ್ಚುಕಡಿಮೆ ಅದೇ ಹೊತ್ತಿಗೆ ಗಲಾಟೆ ಮಾಡುತ್ತ ಬೇಲಿ ದಾಟುತ್ತದೆ. ಸೂರಕ್ಕಿ ಒಂದೇ ಹೂವಿನ ಗಿಡಕ್ಕೆ ಸುತ್ತು ಹೊಡೆದು ಮತ್ತೆ ಮತ್ತೆ ಬರುತ್ತದೆ. ಕಾಜಾಣ ಒಂದು ಕಂಬವನ್ನು ತನ್ನದು ಮಾಡಿಕೊಂಡಿರುತ್ತದೆ. ದನ ಮೇಯುವ ಕಡೆ, ಉಳುಮೆ ನಡೆಯುವ ಕಡೆ ಬೆಳ್ಳಕ್ಕಿ, ಗೊರವಂಕ ಖಾತ್ರಿ, ಯಾಕೆಂದರೆ ಅಲ್ಲಿ ನೆಲದಿಂದ ಹುಳು ಹೊರಗೆ ಬರುತ್ತದೆ. ಹಣ್ಣು ಬಿಟ್ಟ ಮರವಂತೂ ಕೇಳುವುದೇ ಬೇಡ. ಕುಟ್ರು, ಪಿಕಳಾರ ಬೆಳಗಿನಿಂದ ಸಂಜೆವರೆಗೆ ಅಲ್ಲೇ.

ಇದರ ಜೊತೆಗೆ ಬೆಳಕನ್ನೂ ಗಮನಿಸಿ. ಬೆಳಿಗ್ಗೆ ಏಳೂವರೆಗೆ ಆ ಕೊಂಬೆಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ? ಹಿಂದೆ ಏನು ಕಾಣುತ್ತದೆ, ಹಸಿರೋ, ಮನೆಯ ಗೋಡೆಯೋ, ಬರೀ ಆಕಾಶವೋ? ಇದನ್ನೆಲ್ಲ ಬರೆದಿಟ್ಟುಕೊಂಡವರಿಗೆ ಮುಂದಿನ ವಾರ ಎಲ್ಲಿ ನಿಲ್ಲಬೇಕು ಅಂತ ಹುಡುಕುವ ಕೆಲಸವೇ ಇರುವುದಿಲ್ಲ.

ಹೆಸರು ಪತ್ತೆ ಮಾಡಲು ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದವರ ಮರ್ಲಿನ್ ಆ್ಯಪ್ ಇದೆ, ಉಚಿತ. 2021ರಿಂದ ಕೂಗು ಕೇಳಿಯೂ ಹೆಸರು ಸೂಚಿಸುತ್ತದೆ. ಅದು ಹೇಳಿದ್ದೇ ಕೊನೆಯ ಮಾತಲ್ಲ, ಕಣ್ಣಿಂದ ನೋಡಿ ಖಚಿತ ಮಾಡಿಕೊಳ್ಳಿ.

ಹೆಜ್ಜೆ 2: ಕ್ಯಾಮೆರಾವನ್ನು ಮನೆಯಲ್ಲೇ ಹೊಂದಿಸಿಟ್ಟುಕೊಳ್ಳಿ

ಹಕ್ಕಿ ಬಂದು ಕೂತ ಮೇಲೆ ಮೆನು ತಡಕಾಡಿದರೆ ಕೆಲಸ ಕೆಟ್ಟ ಹಾಗೆ. ಹೊರಡುವ ಮುಂಚೆಯೇ ಹೀಗೆ ಹೊಂದಿಸಿ:

1. ಮೋಡ್ ಮ್ಯಾನ್ಯುಯಲ್, ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಮಾತ್ರ ಆಟೊ. ಶಟರ್ ಸ್ಪೀಡ್ (ಬೆಳಕು ಒಳಗೆ ಬೀಳುವ ಹೊತ್ತು) ಮತ್ತು ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ, ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ನಿಮ್ಮ ಕೈಯಲ್ಲಿ, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳಲಿ.
2. ಅಪರ್ಚರ್ ಎಫ್/5.6ರಿಂದ ಎಫ್/8ರ ನಡುವೆ. ಅಗ್ಗದ ಜೂಮ್ ಲೆನ್ಸ್ ಆದರೆ ಪೂರ್ತಿ ತೆರೆಯದೆ ಸ್ವಲ್ಪ ಮುಚ್ಚಿದರೆ ಚಿತ್ರ ಇನ್ನಷ್ಟು ಚೊಕ್ಕ.
3. ಕೂತ ಹಕ್ಕಿಗೆ ಶಟರ್ 1/500 ಸೆಕೆಂಡ್, ತಲೆ ಆಡಿಸುವ ಸಣ್ಣ ಹಕ್ಕಿಗೆ 1/1000, ಹಾರುವುದಕ್ಕೆ 1/2000 ಅಥವಾ ಅದಕ್ಕಿಂತ ವೇಗ.
4. ಫೋಕಸ್ ನಿರಂತರ ಮೋಡಿನಲ್ಲಿ. ಕ್ಯಾಮೆರಾದಲ್ಲಿ ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಒಂದೇ ಫೋಕಸ್ ಬಿಂದು ಇಟ್ಟುಕೊಂಡು ಕಣ್ಣಿನ ಮೇಲೆ ಇಡಿ.
5. ಫೈಲ್ ರಾ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ. ಜಾಗ ಜಾಸ್ತಿ ತಿನ್ನುತ್ತೆ ನಿಜ, ಆದರೆ ಬೆಳಕು ಏರುಪೇರಾದಾಗ ಸರಿಮಾಡಲು ಅವಕಾಶ ಇರುತ್ತದೆ.

ಕಣ್ಣಿನ ಮೇಲೇ ಫೋಕಸ್ ಯಾಕೆ ಅಂದರೆ, ಉದ್ದ ಲೆನ್ಸಿನಲ್ಲಿ ಚೊಕ್ಕವಾಗಿ ಕಾಣುವ ಆಳ ತುಂಬ ಕಮ್ಮಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಎಂ.ಎಂ., ಎಫ್/6.3, 10 ಮೀಟರ್ ದೂರ ಅಂದರೆ ಸುಮಾರು 10 ಸೆಂ.ಮೀ. 5 ಮೀಟರಿಗೆ ಬಂದರೆ ಎರಡೂವರೆ ಸೆಂ.ಮೀ. ಮಾತ್ರ. ಎದೆಗೆ ಫೋಕಸ್ ಆದರೆ ಕಣ್ಣು ಮಬ್ಬಾಯಿತು ಅಂತಲೇ ಲೆಕ್ಕ. ಬಾಲದ ತುದಿ ಮಬ್ಬಾಗಿದ್ದರೆ ಯಾರೂ ಕೇಳುವುದಿಲ್ಲ. ಕಣ್ಣು ಮಬ್ಬಾಗಿದ್ದರೆ ಎಲ್ಲರಿಗೂ ಕಾಣುತ್ತದೆ.

ಐಎಸ್ಒ ಏರುತ್ತದೆ ಅಂತ ಹೆದರಿ ಶಟರ್ ಇಳಿಸುವವರೇ ಜಾಸ್ತಿ. ಕಾಳು ಕಾಳಾಗಿ ಕಾಣುವ ನಾಯ್ಸನ್ನು ಈಗಿನ ಸಾಫ್ಟ್‌ವೇರ್‌ಗಳು ಚೆನ್ನಾಗಿಯೇ ತೆಗೆಯುತ್ತವೆ. ಅಲುಗಾಡಿದ ಚಿತ್ರವನ್ನು ಅಷ್ಟು ಚೆನ್ನಾಗಿ ಸರಿ ಮಾಡಲು ಆಗುವುದಿಲ್ಲ. ಐಎಸ್ಒ 3200 ಬಂದರೆ ಬರಲಿ.

ಹೆಜ್ಜೆ 3: ಹಿತ್ತಲಲ್ಲಿ ನೀರಿಡಿ, ಕೊಂಬೆ ನಿಲ್ಲಿಸಿ

ಕಾಳು ಹಾಕುವುದಕ್ಕಿಂತ ನೀರಿಡುವುದು ಮೇಲು. ಕಾಳಿಗೆ ಕಾಳು ತಿನ್ನುವ ಹಕ್ಕಿ ಮಾತ್ರ ಬರುತ್ತದೆ. ಕಾಳಿನ ಜೊತೆ ಇಲಿ, ಹೆಗ್ಗಣವೂ ಬರುತ್ತವೆ. ನೀರಿಗೆ ಹುಳು ತಿನ್ನುವುದು, ಹಣ್ಣು ತಿನ್ನುವುದು, ಮಕರಂದ ಕುಡಿಯುವುದು ಎಲ್ಲವೂ ಬರುತ್ತವೆ.

ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು. ಆಳ 2ರಿಂದ 5 ಸೆಂ.ಮೀ. ದಾಟಬಾರದು. ನುಣುಪು ಪಾತ್ರೆ ಬೇಡ, ಕಾಲು ಜಾರುತ್ತದೆ. ಒಂದೆರಡು ಚಪ್ಪಟೆ ಕಲ್ಲು ಹಾಕಿದರೆ ಸಣ್ಣ ಹಕ್ಕಿಗಳಿಗೂ ಧೈರ್ಯ. ಮೇಲೆ ಒಂದು ಬಾಟಲಿ ಕಟ್ಟಿ, ತಳಕ್ಕೆ ಸೂಜಿಯಿಂದ ತೂತು ಮಾಡಿ ತೊಟ್ಟಿಕ್ಕುವ ಹಾಗೆ ಬಿಡಿ. ನಿಂತ ನೀರಿಗಿಂತ ಹನಿ ಬೀಳುವ ನೀರನ್ನು ಹಕ್ಕಿಗಳು ಬೇಗ ಕಂಡುಹಿಡಿಯುತ್ತವೆ. ನೀರನ್ನು ದಿನಾ, ತಪ್ಪಿದರೆ ಎರಡು ದಿನಕ್ಕೊಮ್ಮೆಯಾದರೂ ಚೆಲ್ಲಿ ತಟ್ಟೆ ಉಜ್ಜಿ ತೊಳೆಯಿರಿ. ಸೆಕೆಯ ದಿನಗಳಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು. ಕೊಳೆತ ನೀರಿನಿಂದ ಹಕ್ಕಿಗಳಿಗೆ ರೋಗವೂ ಅಂಟುತ್ತದೆ.

ಜಾಗ ಆರಿಸುವುದರಲ್ಲಿ ಎರಡು ಜಾಗ್ರತೆ ಬೇಕು. ಒಂದು ಬೆಕ್ಕು. ಪೊದೆಗೆ ತೀರ ಅಂಟಿಕೊಂಡ ಹಾಗೆ ಇಟ್ಟರೆ ಬೆಕ್ಕು ಅದರೊಳಗೆ ಹೊಂಚು ಹಾಕುತ್ತದೆ, ಪೊದೆಯೇ ಇಲ್ಲದ ಬಯಲಲ್ಲಿ ಇಟ್ಟರೆ ಹಕ್ಕಿ ಬರಲು ಹೆದರುತ್ತದೆ. ಎರಡು ಮೂರು ಮೀಟರ್ ಅಂತರ ಸರಿ. ಇನ್ನೊಂದು ಕಿಟಕಿ ಗಾಜು. ಗಾಜಿನಲ್ಲಿ ಮರ, ಆಕಾಶ ಕಂಡು ಹಕ್ಕಿಗಳು ಹೋಗಿ ಬಡಿಯುತ್ತವೆ. ಗಾಜಿಗೆ ಒಂದು ಮೀಟರ್ ಒಳಗೆ ಇಡಿ, ಅಲ್ಲಿಂದ ಹಾರಿದರೂ ವೇಗ ಇರುವುದಿಲ್ಲ. ಇಲ್ಲವೇ ಹತ್ತು ಮೀಟರ್ ಆಚೆ ಇಡಿ. ನಡುವಿನ ದೂರವೇ ಅಪಾಯದ್ದು.

ಈಗ ಕೊಂಬೆ. ಎಲ್ಲ ಹಕ್ಕಿಗಳೂ ನೇರ ತಟ್ಟೆಗೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಮೊದಲು ಹತ್ತಿರ ಎಲ್ಲಾದರೂ ಕೂತು ಸುತ್ತ ನೋಡುತ್ತವೆ. ನಮಗೆ ಬೇಕಾದದ್ದು ಆ ಗಳಿಗೆ. ತಟ್ಟೆಯಿಂದ ಒಂದು ಮೀಟರ್ ಆಚೆ, ಬೆರಳಿನಷ್ಟು ದಪ್ಪದ, ತೊಗಟೆ ಇರುವ ಒಣ ಕೊಂಬೆಯನ್ನು ಸ್ವಲ್ಪ ಓರೆಯಾಗಿ ನೆಡಿ. ಕ್ಯಾಮೆರಾ ಕಡೆಗೆ ತುದಿ ಮಾಡಬೇಡಿ, ಅಡ್ಡಲಾಗಿ ಇರಲಿ. ಆಗ ಹಕ್ಕಿ ಪಕ್ಕಕ್ಕೆ ತಿರುಗಿ ಕೂರುತ್ತದೆ, ಮೈ ಪೂರ್ತಿ ಫೋಕಸ್ಸಿನಲ್ಲಿ ಸಿಗುತ್ತದೆ. ಹತ್ತಿರದಲ್ಲಿ ಕೂರಲು ಬೇರೆ ಜಾಗ ಕಡಿಮೆ ಇದ್ದಷ್ಟೂ ನಿಮ್ಮ ಕೊಂಬೆಗೆ ಗಿರಾಕಿ ಜಾಸ್ತಿ. ಬಟ್ಟೆ ಒಣಹಾಕುವ ತಂತಿಯನ್ನು ಅವತ್ತಿನ ಮಟ್ಟಿಗೆ ಬಿಚ್ಚಿಡಿ, ಇಲ್ಲದಿದ್ದರೆ ಅವು ಅದರ ಮೇಲೇ ಕೂರುತ್ತವೆ.

ಕೊಂಬೆಯ ಹಿಂದೆ ಎಂಟು ಹತ್ತು ಮೀಟರ್ ಖಾಲಿ ಇರಲಿ, ಅದರಾಚೆ ಒಂದೇ ಬಣ್ಣದ ಗಿಡಗಂಟಿ ಇರಲಿ. ಹಿನ್ನೆಲೆ ಬೆಣ್ಣೆಯಂತೆ ನುಣ್ಣಗೆ ಬರಲು ಲೆನ್ಸಿಗಿಂತ ಈ ಅಂತರವೇ ಮುಖ್ಯ. 300 ಎಂ.ಎಂ. ಲೆನ್ಸಿನಲ್ಲೂ ಬರುತ್ತದೆ, ಪರೀಕ್ಷೆ ಮಾಡಿ ನೋಡಿ.

ಕೂರಲು ಮರೆ ಬೇಕು. ಕಿಟಕಿ ಇದ್ದರೆ ಅದೇ ಅತ್ಯುತ್ತಮ. ಕೋಣೆಯ ದೀಪ ಆರಿಸಿ, ಕಡುಬಣ್ಣದ ಬಟ್ಟೆ ಇಳಿಬಿಟ್ಟು, ಲೆನ್ಸ್ ತೂರುವಷ್ಟು ಸಂದು ಮಾಡಿ. ಗಾಜು ತೆರೆದೇ ತೆಗೆಯಿರಿ. ತೆರೆಯಲು ಆಗದಿದ್ದರೆ ಲೆನ್ಸ್ ಹುಡ್ಡನ್ನು ಗಾಜಿಗೆ ಒತ್ತಿ ಹಿಡಿಯಿರಿ. ಹೊರಗಾದರೆ ನಾಲ್ಕು ಕೋಲು ನೆಟ್ಟು ಹಳೆಯ ಮಾಸಲು ಬಟ್ಟೆ ಸುತ್ತಿ. ಎರಡು ಮೂರು ದಿನ ಮುಂಚೆಯೇ ಕಟ್ಟಿ ಬಿಟ್ಟುಬಿಡಿ, ಹಕ್ಕಿಗಳಿಗೆ ಅಭ್ಯಾಸ ಆಗಲಿ. ಗಾಳಿಗೆ ಪಟಪಟ ಹೊಡೆದುಕೊಳ್ಳದ ಹಾಗೆ ಬಿಗಿಯಾಗಿ ಕಟ್ಟಿ. ಮರೆಯ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಕೀರ್ಟನ್ ಸಹೋದರರು ಸುಮಾರು 1900ರ ಹೊತ್ತಿಗೆ ಎತ್ತಿನ ಚರ್ಮ ಹೊದಿಸಿದ ಟೊಳ್ಳು ಗೊಂಬೆಯೊಳಗೆ ಅವಿತು ಹಕ್ಕಿಗಳ ಫೋಟೊ ತೆಗೆದಿದ್ದರು! ನಮಗೆ ಅಷ್ಟೆಲ್ಲ ಬೇಡ, ಹಳೇ ಪರದೆ ಸಾಕು. ಮರೆಯೊಳಗೆ ಇಬ್ಬರು ಹೋಗಿ ಒಬ್ಬರು ಹೊರಬರುವುದು ಇನ್ನೊಂದು ಹಳೆಯ ಉಪಾಯ. ಮನುಷ್ಯರು ಹೋದರು ಅಂತ ಎಷ್ಟೋ ಹಕ್ಕಿಗಳು ನಂಬಿಬಿಡುತ್ತವೆ.

ಉದ್ದ ಲೆನ್ಸ್ ಇಲ್ಲದವರು ಫೋನನ್ನು ತಟ್ಟೆಯ ಪಕ್ಕ ಸಣ್ಣ ಸ್ಟ್ಯಾಂಡಿಗೆ ಸಿಕ್ಕಿಸಿ, ಫೋಕಸ್ ಲಾಕ್ ಮಾಡಿ, ವಿಡಿಯೊ ಓಡಿಸಿ ಒಳಗೆ ಬನ್ನಿ. ಪಿಕಳಾರ ರೆಕ್ಕೆ ಬಡಿದು ನೀರು ಎರಚಿಕೊಳ್ಳುವುದನ್ನು ಅರ್ಧ ಮೀಟರಿನಿಂದ ನೋಡುವುದು ಬೇರೆಯೇ ಮಜಾ.

ಹೆಜ್ಜೆ 4: ದಾರಿಗೆ ಇಳಿಯಿರಿ

ಒಂದು ವಿಚಿತ್ರ ಏನೆಂದರೆ, ನಡೆದು ಬರುವ ಮನುಷ್ಯನನ್ನು ಕಂಡು ದೂರದಿಂದಲೇ ಹಾರುವ ಹಕ್ಕಿ ಕಾರು ಬಂದರೆ ಅಲ್ಲೇ ಕೂತಿರುತ್ತದೆ. ಹಾಗಾಗಿ ಕಾರೇ ಓಡಾಡುವ ಮರೆ. ಆದರೆ ಅದಕ್ಕೊಂದು ಕ್ರಮ ಇದೆ.

ಸೂರ್ಯ ಬೆನ್ನಿಗಿರುವ ದಿಕ್ಕಿನಲ್ಲಿ ಹೊರಡಿ, ಇಲ್ಲವೇ ಬಿಸಿಲು ನಿಮ್ಮ ಕಿಟಕಿ ಇರುವ ಬದಿಯಿಂದಲ್ಲ, ಕಾರಿನ ಇನ್ನೊಂದು ಬದಿಯಿಂದ ಬೀಳುವ ಹಾಗೆ ನೋಡಿಕೊಳ್ಳಿ. ಕಿಟಕಿ ಮೊದಲೇ ಇಳಿಸಿರಿ. ಹಕ್ಕಿಯ ಮುಂದೆ ನಿಲ್ಲಿಸಿ ಗಾಜು ಇಳಿಸಲು ಹೋದರೆ ಆ ಸದ್ದಿಗೇ ಅದು ಹೋಗುತ್ತದೆ. ಎಸಿ ಹಾಕಬೇಡಿ. ಒಳಗಿನ ತಂಪು ಗಾಳಿ ಹೊರಗಿನ ಬಿಸಿಗೆ ಸೇರುವ ಕಡೆ ಗಾಳಿ ಕದಡಿ ಚಿತ್ರ ಮಬ್ಬಾಗುತ್ತದೆ, ಮೇಲಾಗಿ ಲೆನ್ಸಿಗೆ ಆವಿ ಹಿಡಿಯುತ್ತದೆ. ಹಕ್ಕಿ ಕಂಡ ಕೂಡಲೇ ಬ್ರೇಕ್ ಒತ್ತಬೇಡಿ. ನಿಧಾನ ಮಾಡುತ್ತ, ಹಕ್ಕಿಯ ನೇರಕ್ಕೆ ಬರುವ ಮುಂಚೆಯೇ ರಸ್ತೆಯ ಅಂಚಿಗೆ ಸರಿದು ನಿಲ್ಲಿಸಿ, ಎಂಜಿನ್ ಆರಿಸಿ. ಎಂಜಿನ್ ಓಡುತ್ತಿದ್ದರೆ ಅದರ ನಡುಕ ಲೆನ್ಸಿಗೆ ಬಂದೇ ಬರುತ್ತದೆ. ಹಳೆಯ ಜೀನ್ಸಿನ ಒಂದು ಕಾಲು ಕತ್ತರಿಸಿ, ಒಣ ಕಾಳು ತುಂಬಿ, ಎರಡೂ ಬಾಯಿ ಹೊಲಿದರೆ ಒಳ್ಳೆ ಬೀನ್ ಬ್ಯಾಗ್ ಆಗುತ್ತದೆ. ಅದನ್ನು ಕಿಟಕಿಯ ಮೇಲೆ ಹಾಕಿ ಲೆನ್ಸ್ ಇಟ್ಟರೆ ಟ್ರೈಪಾಡ್ ಬೇಡ. ಬಾಗಿಲು ತೆರೆದು ಇಳಿದಿರೋ, ಆಟ ಮುಗಿಯಿತು.

ತಿರುವಿನಲ್ಲಿ, ಸೇತುವೆ ಮೇಲೆ ನಿಲ್ಲಿಸಬೇಡಿ. ಹಳ್ಳಿ ದಾರಿಯಲ್ಲಿ ಟ್ರ್ಯಾಕ್ಟರ್ ಯಾವಾಗ ಬರುತ್ತದೋ ಹೇಳಲಾಗದು. ಓಡಿಸುವವರು ಬೇರೆ, ಫೋಟೊ ತೆಗೆಯುವವರು ಬೇರೆ ಇದ್ದರೆ ಇನ್ನೂ ಒಳ್ಳೆಯದು.

ನಡೆದು ಹೋಗುವುದಾದರೆ ನೇರ ಹಕ್ಕಿಯ ಕಡೆಗೆ ಹೋಗಬೇಡಿ. ಅದನ್ನು ದಾಟಿ ಹೋಗುವವರ ಹಾಗೆ ಓರೆಯಾಗಿ ನಡೆಯಿರಿ, ದಿಟ್ಟಿಸಿ ನೋಡಬೇಡಿ. ನಾಲ್ಕು ಹೆಜ್ಜೆ ಇಟ್ಟು ನಿಲ್ಲಿ, ಒಂದು ಚಿತ್ರ ತೆಗೆದುಕೊಳ್ಳಿ, ಮತ್ತೆ ನಾಲ್ಕು ಹೆಜ್ಜೆ. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿತೇ? ಅಲ್ಲೇ ನಿಲ್ಲಿ. ಮತ್ತೆ ತಲೆ ತಗ್ಗಿಸಿ ಮೇಯಲು ಶುರು ಮಾಡಿದ ಮೇಲೆ ಮುಂದೆ. ಮಾಡದಿದ್ದರೆ ಹಿಂದೆ ಸರಿಯಿರಿ.

ಗದ್ದೆ, ತೋಟದ ಒಳಗೆ ಇಳಿಯುವ ಮುಂಚೆ ಅದರ ಯಜಮಾನರನ್ನು ಕೇಳಿ. ಉದ್ದ ಲೆನ್ಸನ್ನು ಯಾರದೋ ಮನೆಯ ಕಡೆ ತಿರುಗಿಸಿಕೊಂಡು ನಿಂತರೆ ಅನುಮಾನ ಬರುವುದು ಸಹಜ, ಅಲ್ವಾ? ಮೊದಲೇ ಮಾತಾಡಿಸಿ, ತೆಗೆದ ಫೋಟೊ ತೋರಿಸಿ. ಆಮೇಲೆ ಅವರೇ "ಅಲ್ಲೊಂದು ಗೂಬೆ ಕೂರುತ್ತೆ ನೋಡಿ" ಅಂತ ಕರೆದು ಹೇಳುತ್ತಾರೆ. ಅಂಥ ಸುದ್ದಿ ಯಾವ ಆ್ಯಪಿನಲ್ಲೂ ಸಿಗದು.

ತಂತಿಯ ಮೇಲಿನ ಹಕ್ಕಿ

ಹಳ್ಳಿ ದಾರಿಯಲ್ಲಿ ಸಿಗುವ ಅರ್ಧ ಹಕ್ಕಿಗಳು ಕರೆಂಟ್ ತಂತಿಯ ಮೇಲೇ ಇರುತ್ತವೆ. ನೀಲಕಂಠ, ಕಾಜಾಣ, ಮಿಂಚುಳ್ಳಿ, ಕವಲುತೋಕೆ. ಎಲ್ಲರೂ ತಂತಿಯ ಕೆಳಗೆ ಹೋಗಿ ಕತ್ತೆತ್ತಿ ತೆಗೆಯುತ್ತಾರೆ. ಬರುವುದು ಹೊಟ್ಟೆ, ಬಾಲದ ಬುಡ, ಬಿಳಿಚಿದ ಆಕಾಶ.

ಇಲ್ಲಿ ಮಾತ್ರ ಹತ್ತಿರ ಹೋಗುವುದಕ್ಕಿಂತ ದೂರ ಹೋಗುವುದು ಜಾಣತನ. ಆರು ಮೀಟರ್ ಎತ್ತರದ ತಂತಿಯಿಂದ ಇಪ್ಪತ್ತು ಮೀಟರ್ ಹಿಂದೆ ಸರಿದರೆ ಕೋನ ಇಳಿಯುತ್ತದೆ, ಹಕ್ಕಿಯ ಮುಖ ಕಾಣುತ್ತದೆ. ರಸ್ತೆ ಪಕ್ಕ ದಿಬ್ಬವೋ ಕೆರೆ ಏರಿಯೋ ಇದ್ದರೆ ಅದರ ಮೇಲಿಂದ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ, ಹಿನ್ನೆಲೆಗೆ ಮರಗಳೂ ಬರುತ್ತವೆ. ಇದಕ್ಕಿಂತಲೂ ಒಳ್ಳೆಯದು ಕಾಯುವುದು. ತಂತಿಯಿಂದ ನೆಲಕ್ಕೆ ಧುಮುಕಿ ಮಿಡತೆ ಹಿಡಿದ ನೀಲಕಂಠ ಕೆಲವು ಸಲ ಬೇಲಿ ಗೂಟದ ಮೇಲೆ ಕೂತು ನುಂಗುತ್ತದೆ. ನೀವು ಆ ಗೂಟಕ್ಕೆ ಫೋಕಸ್ ಮಾಡಿಟ್ಟುಕೊಂಡಿರಿ.

ನೆಲದ ಮೇಲಿನ ಹಕ್ಕಿಗೂ ಇದೇ ಮಾತು, ತಿರುಗಿಸಿ ಹೇಳಬೇಕು ಅಷ್ಟೆ. ಸಿಪಿಲೆ, ಟಿಟ್ಟಿಭ, ನೆಲಗುಬ್ಬಿಗಳನ್ನು ನಿಂತುಕೊಂಡು ತೆಗೆದರೆ ಬೆನ್ನು ಮತ್ತು ಮಣ್ಣು ಬರುತ್ತದೆ. ಮಲಗಿ. ಬಟ್ಟೆ ಕೊಳೆಯಾಗುತ್ತದೆ, ಆಗಲಿ ಬಿಡಿ.

ಕಳ್ಳಿಪೀರದ ಮುಂದೆ ಒಂದು ಗಂಟೆ

ಕಲಿಯಲು ಇಷ್ಟು ಒಳ್ಳೆ ಹಕ್ಕಿ ಇನ್ನೊಂದಿಲ್ಲ. ಹಸಿರು ಮೈ, ಬಾಗಿದ ಕಪ್ಪು ಕೊಕ್ಕು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟೆ, ಬಾಲದಿಂದ ಸೂಜಿಯ ಹಾಗೆ ಹೊರಚಾಚಿದ ಎರಡು ಗರಿ. ಒಣ ಕೊಂಬೆಯ ತುದಿಯಲ್ಲೋ ಬೇಲಿ ತಂತಿಯ ಮೇಲೋ ಕೂತು ತಲೆ ಅತ್ತ ಇತ್ತ ಹೊರಳಿಸುತ್ತ ಇರುತ್ತದೆ. ಹಾರುವ ಹುಳು ಕಂಡಿತೋ, ಚಿಮ್ಮಿ ಹೋಗಿ ಹಿಡಿದು, ರೆಕ್ಕೆ ಬಿಚ್ಚಿ ತೇಲುತ್ತ ಬಹಳ ಸಲ ಅದೇ ಜಾಗಕ್ಕೆ ಬಂದು ಕೂರುತ್ತದೆ. ಕೊಕ್ಕಲ್ಲಿ ಜೇನು ಇದ್ದರೆ ಅದನ್ನು ಕೊಂಬೆಗೆ ಟಪಟಪ ಬಡಿಯುತ್ತದೆ, ಹಿಂಭಾಗವನ್ನು ತೊಗಟೆಗೆ ಉಜ್ಜಿ ಕೊಂಡಿ ಮತ್ತು ವಿಷ ತೆಗೆಯುತ್ತದೆ. ಆ ಉಜ್ಜುವ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬಡಿಯುವಾಗ ಒಂದೇ ಕ್ಲಿಕ್ ಸಾಲದು, ಸಣ್ಣ ಬರ್ಸ್ಟ್ (ಗುಂಡಿ ಒತ್ತಿ ಹಿಡಿದು ಒಂದರ ಹಿಂದೆ ಒಂದು ಚಿತ್ರ) ಹೊಡೆಯಿರಿ. ಆಮೇಲೆ ಹುಳುವನ್ನು ಮೇಲಕ್ಕೆ ಎಸೆದು ನುಂಗುವ ಗಳಿಗೆ ಬರುತ್ತದೆ. ಅದು ಸಿಗಬೇಕಾದರೆ ಶಟರ್ 1/2000 ಇರಬೇಕು, ಫ್ರೇಮಿನಲ್ಲಿ ಕೊಕ್ಕಿನ ಮೇಲೆ ಸ್ವಲ್ಪ ಜಾಗವೂ ಬಿಟ್ಟಿರಬೇಕು.

ಹಿಂದಿರುಗಿ ಬರುವುದನ್ನು ತೆಗೆಯಬೇಕೇ? ಹಕ್ಕಿಯನ್ನು ಗಾಳಿಯಲ್ಲಿ ಹಿಂಬಾಲಿಸಬೇಡಿ. ಕೊಂಬೆಯ ತುದಿಗೆ ಫೋಕಸ್ ಮಾಡಿ, ಫೋಕಸ್ಸನ್ನು ಮ್ಯಾನ್ಯುಯಲ್‌ಗೆ ಹಾಕಿ, ಒಂದು ಬದಿಗೆ ಜಾಗ ಬಿಟ್ಟು ಕಾಯಿರಿ. ಕೂರುವ ಮುಂಚೆ ಒಂದು ಕ್ಷಣ ರೆಕ್ಕೆ ಅಗಲಿಸಿ ವೇಗ ತಗ್ಗಿಸುತ್ತದೆ. ಆಗ ಒತ್ತಿ. ನೊಣಹಿಡುಕಗಳಿಗೂ ಕಾಜಾಣಕ್ಕೂ ಇದೇ ಉಪಾಯ ನಡೆಯುತ್ತದೆ.

ಹಾರುವ ಹಕ್ಕಿ ಮತ್ತು ಗಾಳಿ

ಹಕ್ಕಿಗಳು ಮೇಲೇಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗಿರಲು ನೋಡುತ್ತವೆ. ಅಂದರೆ ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಅವು ನಿಮ್ಮ ಕಡೆ ಮುಖ ಮಾಡಿ ಬರುತ್ತವೆ. ಗಾಳಿ ಎದುರಿಗಿದ್ದರೆ ಬರೀ ಬಾಲ ಸಿಗುತ್ತದೆ. ಬಿಸಿಲು ಮತ್ತು ಗಾಳಿ ಎರಡೂ ಬೆನ್ನಿಗಿರುವ ಬೆಳಗು ಸಿಕ್ಕರೆ ಬೇರೆ ಕೆಲಸ ಬಿಟ್ಟು ಕೆರೆ ಏರಿಗೆ ಹೋಗಿ.

ಕೂತ ಹಕ್ಕಿ ಹಾರುವ ಮುಂಚೆ ಸುಳಿವು ಕೊಡುತ್ತದೆ. ಹಿಕ್ಕೆ ಹಾಕುತ್ತದೆ, ಮೈ ಮುಂದಕ್ಕೆ ಬಾಗಿಸುತ್ತದೆ, ಕಾಲು ಮಡಿಸಿ ತಗ್ಗುತ್ತದೆ. ದೊಡ್ಡ ಹಕ್ಕಿಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹದ್ದು, ಬೆಳ್ಳಕ್ಕಿಗಳಿಂದ ಅಭ್ಯಾಸ ಶುರು ಮಾಡಿ, ರೆಕ್ಕೆ ಬಡಿತ ನಿಧಾನ. ಕವಲುತೋಕೆ ಆಮೇಲೆ ನೋಡಿಕೊಳ್ಳೋಣ. ಬರ್ಸ್ಟ್ ಎಂದರೆ ಈ ಕಾಲದ್ದು ಅಂದುಕೊಂಡಿದ್ದರೆ ಇಲ್ಲಿ ಕೇಳಿ: 1882ರಲ್ಲೇ ಫ್ರಾನ್ಸಿನ ಎಟಿಯೆನ್-ಜೂಲ್ ಮರೇ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ ಹಾರುವ ಹಕ್ಕಿಯ ಚಿತ್ರಗಳನ್ನು ಸೆಕೆಂಡಿಗೆ 12ರಂತೆ ತೆಗೆದಿದ್ದ.

ಮಿರರ್‌ಲೆಸ್ ಕ್ಯಾಮೆರಾ ಇರುವವರು ಗಮನಿಸಿ: ಎಲೆಕ್ಟ್ರಾನಿಕ್ ಶಟರಿನಲ್ಲಿ ವೇಗವಾಗಿ ಬಡಿಯುವ ರೆಕ್ಕೆ ಸೊಟ್ಟಗೆ ಬರಬಹುದು. ಸಣ್ಣ ಹಕ್ಕಿಗೆ ಮೆಕ್ಯಾನಿಕಲ್ ಶಟರ್ರೇ ಸರಿ.

ಬಿಳಿ ಹಕ್ಕಿ, ಕಪ್ಪು ಹಕ್ಕಿ

ಕ್ಯಾಮೆರಾ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಸಿರು ಗದ್ದೆಯಲ್ಲಿ ಬಿಸಿಲಿಗೆ ನಿಂತ ಬೆಳ್ಳಕ್ಕಿ ಅದಕ್ಕೇ ಸುಟ್ಟು ಬರುತ್ತದೆ, ಪುಕ್ಕದ ಗೆರೆಗಳೇ ಇರುವುದಿಲ್ಲ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಏರಿಳಿಸುವ ಹೊಂದಿಕೆ) -1ಕ್ಕೆ ಇಳಿಸಿ. ಆಕಾಶದ ಎದುರು ಕೂತ ಹಕ್ಕಿ ಕಪ್ಪು ನೆರಳಾಗುತ್ತದೆ, ಅಲ್ಲಿ +1ರಿಂದ +2ರವರೆಗೆ ಏರಿಸಿ. ಆಟೊ ಐಎಸ್ಒ ಇದ್ದರೆ ಇದು ಬಹುತೇಕ ಕ್ಯಾಮೆರಾಗಳಲ್ಲಿ ಒಂದು ಚಕ್ರ ತಿರುಗಿಸುವಷ್ಟು ಕೆಲಸ. ಸುಟ್ಟ ಭಾಗ ಮಿನುಗಿ ತೋರಿಸುವ ಎಚ್ಚರಿಕೆ ಆನ್ ಮಾಡಿಟ್ಟುಕೊಳ್ಳಿ. ಮೋಡದ ದಿನ ಬೆಳ್ಳಕ್ಕಿಗೂ ಕಾಜಾಣಕ್ಕೂ ಹಬ್ಬ. ನೆರಳು ಮೆತ್ತಗಿರುತ್ತದೆ, ಮಧ್ಯಾಹ್ನವೂ ತೆಗೆಯಬಹುದು.

ಗೂಡಿನ ಹತ್ತಿರ ಹೋಗಬೇಡಿ

ಇದರಲ್ಲಿ ರಾಜಿ ಇಲ್ಲ. ಗೂಡು ಸರಿಯಾಗಿ ಕಾಣಲಿ ಅಂತ ಎಲೆ ಸರಿಸುವುದು, ಕೊಂಬೆ ಕಟ್ಟುವುದು ಮಾಡಿದರೆ ಕಾಗೆಗೆ ನೀವೇ ದಾರಿ ತೋರಿಸಿದ ಹಾಗೆ. ಮರಿಗೆ ಬಿಸಿಲೂ ಬಡಿಯುತ್ತದೆ. ರೆಕ್ಕೆ ಬಲಿಯದ ಮರಿ ಹೆದರಿ ಗೂಡಿಂದ ಹಾರಿಬಿಟ್ಟರೆ ಬದುಕುವುದು ಕಷ್ಟ. ಕೊಕ್ಕಲ್ಲಿ ಹುಳು ಹಿಡಿದ ಹಕ್ಕಿ ಎಲ್ಲಿಗೂ ಹೋಗದೆ ನಿಮ್ಮ ಸುತ್ತ ಹಾರುತ್ತ ಕೂಗುತ್ತಿದ್ದರೆ ಗೂಡು ಹತ್ತಿರ ಇದೆ ಅಂತ ಅರ್ಥ. ಟಿಟ್ಟಿಭ ತಲೆ ಮೇಲೆ ಸುತ್ತುತ್ತ ಅರಚಿದರೆ ಮೊಟ್ಟೆ ನಿಮ್ಮ ಕಾಲ ಹತ್ತಿರವೇ ನೆಲದ ಮೇಲೆ ಇರಬಹುದು. ಬಂದ ದಾರಿಯಲ್ಲೇ, ನೋಡಿಕೊಂಡು ಹೆಜ್ಜೆ ಇಟ್ಟು, ವಾಪಸ್ ಹೋಗಿ.

ಹಕ್ಕಿಗೂ ಸಿಟ್ಟು ಬರುತ್ತದೆ. ಬ್ರಿಟನ್ನಿನ ಹೆಸರಾಂತ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಬಳಿ ರಾತ್ರಿ ಅದರ ಉಗುರಿನ ಏಟಿಗೆ ಸಿಕ್ಕಿ ಎಡಗಣ್ಣು ಕಳೆದುಕೊಂಡರು.

ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯುವುದೂ ಬೇಡ. ಎದುರಾಳಿ ಬಂದ ಅಂತ ಅದು ಮೇವು, ಮರಿ ಬಿಟ್ಟು ಜಗಳಕ್ಕೆ ಓಡಿಬರುತ್ತದೆ. ಮಲಗಿದ ಹಾಲಕ್ಕಿಯನ್ನು ಕಣ್ಣು ಬಿಡಲಿ ಅಂತ ಕಲ್ಲೆಸೆದು ಎಬ್ಬಿಸುವವರೂ ಇದ್ದಾರೆ. ಅಂಥವರ ಜೊತೆ ಹೋಗಬೇಡಿ. ರಾತ್ರಿ ಹಕ್ಕಿಗಳ ಮುಖಕ್ಕೆ ಫ್ಲ್ಯಾಷ್ ಹೊಡೆಯಬೇಡಿ. ಮಬ್ಬುಗತ್ತಲಲ್ಲಿ ಐಎಸ್ಒ ಏರಿಸಿ ತೆಗೆದ ಗೂಬೆಯ ಚಿತ್ರ ಹೆಚ್ಚು ಚೆನ್ನ, ನನ್ನ ಕಣ್ಣಿಗಂತೂ.

ಮನೆಗೆ ಬಂದ ಮೇಲೆ

ಮೊದಲು ಅಳಿಸುವ ಕೆಲಸ. ಕಣ್ಣು ಚೊಕ್ಕವಾಗಿಲ್ಲದ್ದು, ತಲೆ ಆಚೆ ತಿರುಗಿದ್ದು, ಕೊಂಬೆ ಮುಖಕ್ಕೆ ಅಡ್ಡ ಬಂದದ್ದು ಎಲ್ಲ ಹೋಗಲಿ. ಕಣ್ಣಿನ ಮೇಲೆ ತೆಳ್ಳಗಿನ ಬಿಳಿ ಪೊರೆ ಮುಚ್ಚಿಕೊಂಡ ಹಾಗೆ ಕಂಡರೆ ಅದು ಲೆನ್ಸಿನ ದೋಷವಲ್ಲ, ಹಕ್ಕಿಗಳಿಗೆ ಇರುವ ಮೂರನೆಯ ರೆಪ್ಪೆ. ಪಕ್ಕದ ಫ್ರೇಮ್ ನೋಡಿ. ಆದರೆ ಮೊದಲ ಸಲ ಕಂಡ ಹಕ್ಕಿಯ ಕೆಟ್ಟ ಚಿತ್ರವನ್ನೂ ಉಳಿಸಿಕೊಳ್ಳಿ, ಗುರುತಿಗೆ ಬೇಕಾಗುತ್ತದೆ.

ಕ್ರಾಪ್ ಮಾಡುವಾಗ ಹಕ್ಕಿ ನೋಡುವ ಕಡೆ ಜಾಗ ಜಾಸ್ತಿ ಬಿಡಿ. ಶಾರ್ಪ್ ಮಾಡುವುದು ಹಕ್ಕಿಗೆ ಮಾತ್ರ, ಹಿನ್ನೆಲೆಗೆ ಬೇಡ. ಬಣ್ಣ ಏರಿಸುವ ಕೈಗೆ ಸ್ವಲ್ಪ ಲಗಾಮು ಇರಲಿ. ಮಿಂಚುಳ್ಳಿ ಇರುವುದೇ ಅಷ್ಟು ನೀಲಿ. ಫೈಲಿಗೆ ದಿನಾಂಕ, ಹಕ್ಕಿಯ ಹೆಸರು, ಜಾಗ ಬರೆದಿಡಿ, ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಡಿ.

2002ರಲ್ಲಿ ಶುರುವಾದ, ಹಕ್ಕಿ ನೋಡುವವರು ತಮ್ಮ ದಾಖಲೆ ಸೇರಿಸುವ ಜಾಲತಾಣ ಇಬರ್ಡ್‌ಗೆ ಪಟ್ಟಿ ಮತ್ತು ಚಿತ್ರ ಸೇರಿಸಿದರೆ ನಿಮ್ಮ ಹಿತ್ತಲಿನ ಲೆಕ್ಕ ಹಕ್ಕಿಗಳ ಅಧ್ಯಯನಕ್ಕೂ ಒದಗುತ್ತದೆ. ಇಂಥ ತಿಂಗಳು ಇಂಥ ಹಕ್ಕಿ ಬಂತು ಅನ್ನುವುದೇ ದೊಡ್ಡ ಮಾಹಿತಿ. ಬೇಟೆ, ಕಳ್ಳಸಾಗಣೆಯ ಭಯ ಇರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಅದು ತಾನೇ ಮುಚ್ಚಿಡುತ್ತದೆ. ಬೇರೆ ಕಡೆ ಹಂಚುವಾಗ ಆ ಕೆಲಸ ನಿಮ್ಮದು. ಫೋನಿನ ಚಿತ್ರದಲ್ಲಿ ಜಿಪಿಎಸ್ ಗುರುತು ಅಂಟಿಕೊಂಡಿರುತ್ತದೆ, ಅದನ್ನು ತೆಗೆದು ಹಂಚಿ. ಗೂಬೆ ಕೂರುವ ಮರ, ಹದ್ದಿನ ಗೂಡು ಇಂಥ ಕಡೆ ಇದೆ ಅಂತ ಬರೆಯಬೇಡಿ. ಯಾರಾದರೂ "ಲೊಕೇಶನ್ ಪ್ಲೀಸ್" ಅಂತ ಕೇಳಿದರೆ ತಾಲ್ಲೂಕಿನ ಹೆಸರು ಹೇಳಿ, ಅಷ್ಟು ಸಾಕು.